ಉಸಿರಾಟದ ಪಾಠ ಆಯಿತು, ಇನ್ನು ಕೆಲಸದ ಲೆಕ್ಕ ನೋಡಿ

ಸಂಪಾದಕರಿಗೆ ನಮಸ್ಕಾರ.

ಕೆಲಸದ ಒತ್ತಡ ನಿಭಾಯಿಸುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಬೆಳಿಗ್ಗೆ ಬೇಗ ಏಳಿ, ದೀರ್ಘವಾಗಿ ಉಸಿರಾಡಿ, ದಿನದ ಕೆಲಸಗಳ ಪಟ್ಟಿ ಬರೆದಿಟ್ಟುಕೊಳ್ಳಿ ಅಂತ ಅದರಲ್ಲಿತ್ತು. ತಪ್ಪೇನಿಲ್ಲ. ಆದರೆ ಇಡೀ ಲೇಖನದಲ್ಲಿ ಕೆಲಸ ಕೊಡುವವರ ಸುದ್ದಿಯೇ ಇರಲಿಲ್ಲ. ಒತ್ತಡ ಅನ್ನೋದು ನೌಕರರ ತಲೆಯೊಳಗೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ ಅನ್ನುವ ಹಾಗಿತ್ತು. ಅದಕ್ಕೇ ಈ ಪತ್ರ.

ನಾನು ಒಂದು ಸಂಸ್ಥೆಯ ಅಕೌಂಟ್ಸ್ ವಿಭಾಗದಲ್ಲಿ ಬಿಲ್ ಪಾಸ್ ಮಾಡುವ ಕೆಲಸದಲ್ಲಿದ್ದೇನೆ. ಸಪ್ಲೈಯರ್ ಬಿಲ್ ಕಳಿಸುತ್ತಾರೆ, ನೀವು ದುಡ್ಡು ಕೊಡುತ್ತೀರಿ, ಅಷ್ಟೇ ಅಲ್ವಾ ಅಂತ ಕೇಳುವವರಿದ್ದಾರೆ. ಅಷ್ಟೇ ಅಲ್ಲ. ಪರ್ಚೇಸ್ ಆರ್ಡರ್, ಗೋಡೌನ್‌ನವರು ಸರಕು ಇಳಿಸಿಕೊಂಡು ಕೊಟ್ಟ ರಸೀದಿ, ಸಪ್ಲೈಯರ್ ಬಿಲ್, ಈ ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕು. ಆರ್ಡರ್ ಕೊಟ್ಟಿದ್ದು 100 ಡಬ್ಬ, ಇಳಿದಿದ್ದು 96, ಬಿಲ್ ಬಂದಿರುವುದು ಮಾತ್ರ 100ಕ್ಕೆ. ಆ ನಾಲ್ಕು ಡಬ್ಬ ಎಲ್ಲಿ ಹೋದವು ಅಂತ ಮೂರು ಕಡೆ ವಿಚಾರಿಸಬೇಕು. ತೆರಿಗೆ ಸರಿಯಾಗಿ ಹಾಕಿದ್ದಾರಾ, ಇದೇ ಬಿಲ್ ಬೇರೆ ನಂಬರಿನಲ್ಲಿ ಮೊದಲೇ ಬಂದಿತ್ತಾ, ಬ್ಯಾಂಕ್ ಖಾತೆ ಬದಲಾಗಿದ್ದರೆ ಬದಲಾಯಿಸಿದ್ದು ನಿಜವಾಗಿಯೂ ಅವರೇನಾ, ಇದೆಲ್ಲ ನೋಡಿದ ಮೇಲೆಯೇ ಸಹಿ.

ಮೊದಲು ಈ ಕೆಲಸಕ್ಕೆ ಮೂವರಿದ್ದೆವು. ಒಬ್ಬರು ಬೇರೆ ಕಡೆ ಕೆಲಸ ಸಿಕ್ಕಿ ಹೋದರು. ಇನ್ನೊಬ್ಬರು ಹೆರಿಗೆ ರಜೆ ಮೇಲೆ ಹೋದರು. "ಸದ್ಯಕ್ಕೆ ನೀವೇ ನೋಡಿಕೊಳ್ಳಿ" ಅಂತ ಮೇಲಿನವರು ಅಂದರು. ಎಲ್ಲಿಯವರೆಗೆ ಅಂತ ಯಾರೂ ಹೇಳಲಿಲ್ಲ. ಹೋದವರ ಕುರ್ಚಿ ಖಾಲಿಯಾಯಿತು, ಅವರ ಬಿಲ್‌ಗಳು ಮಾತ್ರ ತಪ್ಪದೆ ಬರುತ್ತಲೇ ಇದ್ದವು.

ಇಲ್ಲಿ ಒಂದು ಸಂಗತಿ ಹೇಳಬೇಕು. ಇದು ನಮ್ಮಂಥ ಕೆಲಸದಲ್ಲಿರುವವರಿಗೆ ಮಾತ್ರ ಗೊತ್ತಾಗುವಂಥದ್ದು. ಬಾಕಿ ಬಿದ್ದ ಕೆಲಸ ಸುಮ್ನೆ ಬಿದ್ದಿರುವುದಿಲ್ಲ, ಮರಿ ಹಾಕುತ್ತದೆ. ಒಂದು ಬಿಲ್ ತಡವಾದರೆ ಸಪ್ಲೈಯರ್ ಫೋನ್ ಮಾಡುತ್ತಾರೆ. "ನಮ್ಮ ಪೇಮೆಂಟ್ ಏನಾಯ್ತು?" ಆ ಬಿಲ್ ಹುಡುಕಿ ಉತ್ತರ ಕೊಡುವಷ್ಟರಲ್ಲಿ ಇನ್ನೊಂದು ಬಿಲ್ ಪಾಸ್ ಮಾಡಬಹುದಿತ್ತು. ಅದೂ ಈಗ ತಡ. ನಾಳೆ ಅದರ ಫೋನ್. ಮಧ್ಯೆ ಪರ್ಚೇಸ್ ವಿಭಾಗದವರು ಬಂದು "ಇದೊಂದು ಅರ್ಜೆಂಟ್" ಅಂತ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಅವರ ಪಾಲಿಗೆ ಎಲ್ಲವೂ ಅರ್ಜೆಂಟೇ. ಕೊನೆಗೆ ಅರ್ಧ ದಿನ ಕೆಲಸ ಮಾಡುವುದರಲ್ಲಿ ಹೋದರೆ, ಇನ್ನರ್ಧ ಕೆಲಸ ಯಾಕೆ ಆಗಿಲ್ಲ ಅಂತ ವಿವರಿಸುವುದರಲ್ಲಿ ಹೋಗುತ್ತದೆ.

ಇದಕ್ಕೆ ಲೆಕ್ಕವೇ ಇದೆ, ಅದೂ ಹೊಸದಲ್ಲ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದರು. ಕರೆಗಳು ಯಾವಾಗ ಬೇಕಾದರೂ ಬರುವಾಗ ಎಷ್ಟು ಲೈನ್ ಬೇಕು, ಎಷ್ಟು ಜನ ಬೇಕು ಎಂಬ ಪ್ರಶ್ನೆಯ ಬಗ್ಗೆ 1909ರಲ್ಲೇ ಬರೆದರು. 1917ರಲ್ಲಿ ಸೂತ್ರಗಳನ್ನೂ ಕೊಟ್ಟರು. ಕಾಲ್ ಸೆಂಟರ್‌ಗಳು ಇವತ್ತಿಗೂ ಅವುಗಳನ್ನು ಬಳಸುತ್ತವೆ. ಅದರಿಂದ ಬೆಳೆದ ಶಾಸ್ತ್ರದ ತೀರಾ ಸರಳ ಲೆಕ್ಕ ಹೀಗಿದೆ. ಒಂದು ಕೆಲಸಕ್ಕೆ ಸರಾಸರಿ 10 ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಮೇಜಿನಲ್ಲಿ ಕೂತವರ ಸಮಯದ ಶೇ 80ರಷ್ಟು ತುಂಬಿದ್ದರೆ, ಹೊಸದಾಗಿ ಬಂದ ಕೆಲಸ ಸರಾಸರಿ 40 ನಿಮಿಷ ಕಾಯುತ್ತದೆ. ಶೇ 90 ತುಂಬಿದರೆ 90 ನಿಮಿಷ. ಶೇ 95 ತುಂಬಿದರೆ 190 ನಿಮಿಷ. ಶೇ 100 ಮುಟ್ಟಿದರೆ ಸಾಲಿಗೆ ಕೊನೆಯೇ ಇರುವುದಿಲ್ಲ. ಅಂದರೆ, ಸ್ವಲ್ಪ ಹೆಚ್ಚಿಗೆ ಕೆಲಸ ಕೊಟ್ಟರೆ ಸ್ವಲ್ಪ ತಡವಾಗುತ್ತದೆ ಅನ್ನುವ ಅಂದಾಜೇ ತಪ್ಪು. ಫುಲ್ ಬಿಸಿ ಇರುವ ನೌಕರರನ್ನು ನೋಡಿ ಖುಷಿಪಡುವ ಮ್ಯಾನೇಜರ್‌ಗಳು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ನಮ್ಮ ಮ್ಯಾನೇಜರ್ ಕೆಟ್ಟವರೇನಲ್ಲ. ಆದರೂ "ಮೇಡಂ, ಕೆಲಸ ಜಾಸ್ತಿ ಆಗ್ತಿದೆ" ಅಂದಾಗಲೆಲ್ಲ "ಎಲ್ಲರಿಗೂ ಜಾಸ್ತೀನೇ ಇದೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ" ಅನ್ನುತ್ತಿದ್ದರು. ಅವರ ಕಡೆಯಿಂದ ನೋಡಿದರೆ ಅದೂ ಸಹಜವೇ. ಅವರಿಗೆ ಕಾಣುತ್ತಿದ್ದುದು ತಿಂಗಳ ಕೊನೆಗೆ ಪಾಸಾದ ಬಿಲ್‌ಗಳ ಮೊತ್ತ ಮಾತ್ರ. ರಾತ್ರಿ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಮುಗಿಸಿದ ಕೆಲಸಕ್ಕೆ ಯಾವ ರಿಜಿಸ್ಟರಿನಲ್ಲೂ ಜಾಗ ಇಲ್ಲವಲ್ಲ.

ಆಮೇಲೆ ದೂರಿನ ಬದಲು ಒಂದು ಹಾಳೆ ತೆಗೆದುಕೊಂಡು ಹೋದೆ. ಎಡಗಡೆ ಏನು ಕೆಲಸ, ಬಲಗಡೆ ದಿನಕ್ಕೆ ಎಷ್ಟು ನಿಮಿಷ. ಬಿಲ್ ತಾಳೆ ನೋಡುವುದು: ಸುಮಾರು 70 ಬಿಲ್, ಒಂದಕ್ಕೆ 6 ನಿಮಿಷ, ಒಟ್ಟು 420. ತಾಳೆಯಾಗದ ಬಿಲ್‌ಗಳ ವಿಚಾರಣೆ: 80. ಸಪ್ಲೈಯರ್‌ಗಳ ಫೋನ್: 90. ವರದಿಗಳು: 60. ಎಲ್ಲ ಕೂಡಿದರೆ 650. ಕೆಳಗೆ ಎಂಟು ಗಂಟೆಗೆ 480 ನಿಮಿಷ ಅಂತ ಬರೆದಿದ್ದೆ. ಅದರಲ್ಲೂ ಊಟದ ಹೊತ್ತು ಕಳೆದಿರಲಿಲ್ಲ.

"ಇದರಲ್ಲಿ ಯಾವುದನ್ನು ಬಿಡಲಿ ಮೇಡಂ?"

"ಯಾವುದನ್ನೂ ಬಿಡೋ ಹಾಗಿಲ್ಲ."

"ಹಾಗಾದ್ರೆ ಈ 170 ನಿಮಿಷ ಎಲ್ಲಿಂದ ತರಲಿ?"

ಅವರು ಕನ್ನಡಕ ತೆಗೆದು ಹಾಳೆಯನ್ನು ಹತ್ತಿರ ಹಿಡಿದು ನೋಡಿದರು. ಬೆರಳು ವರದಿಗಳ ಸಾಲಿನ ಮೇಲೆ ನಿಂತಿತು. "ಈ ದಿನದ ವರದಿ ಯಾರು ನೋಡ್ತಾರೆ?" "ನಿಮಗೇ ಕಳಿಸೋದು ಮೇಡಂ, ದಿನಾ ಸಂಜೆ." ಅವರಿಗೆ ನಗು ಬಂತು, ನನಗೂ ಬಂತು. ಅಲ್ಲೇ ಪೆನ್ನು ತೆಗೆದು ಆ ಸಾಲಿನ ಪಕ್ಕ "ವಾರಕ್ಕೊಮ್ಮೆ ಸಾಕು" ಅಂತ ಬರೆದರು.

ಅಷ್ಟಕ್ಕೇ ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಸಪ್ಲೈಯರ್‌ಗಳ ಫೋನ್‌ಗೆ ಮಧ್ಯಾಹ್ನ ಒಂದು ಗಂಟೆ ಹೊತ್ತು ಮಾತ್ರ ಅಂತಾಯಿತು. ಯಾವ ಬಿಲ್ ಮೊದಲು ಅನ್ನುವುದನ್ನು ಇನ್ನು ಮೇಲೆ ಮ್ಯಾನೇಜರ್ ಹೇಳುತ್ತಾರೆ, ಮೇಜಿನ ಮುಂದೆ ನಿಂತವರಲ್ಲ. ಇದೊಂದರಿಂದಲೇ ನನಗೆ ದೊಡ್ಡ ಭಾರ ಇಳಿಯಿತು. ಗೋಡೌನ್ ವಿಭಾಗದ ಒಬ್ಬ ಹುಡುಗನನ್ನು ಅರ್ಧ ದಿನ ನಮ್ಮ ಕಡೆ ಹಾಕಿದ್ದಾರೆ. ಅವನಿಗೆ ಕಲಿಸುವಾಗ ನನ್ನ ಕೆಲಸ ಇನ್ನಷ್ಟು ಹಿಂದೆ ಬಿತ್ತು. ತಡವಾದ ಸಾಫ್ಟ್‌ವೇರ್ ಯೋಜನೆಗೆ ಹೊಸಬರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ ಫ್ರೆಡರಿಕ್ ಬ್ರೂಕ್ಸ್ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ 1975ರಲ್ಲೇ ಬರೆದಿದ್ದರಂತೆ. ಬಿಲ್ ಮೇಜಿಗೂ ಈ ಮಾತು ಒಪ್ಪುತ್ತದೆ. ಹಾಗಾಗಿ ನೆರವು ಬೇಕಿದ್ದರೆ ಉಸಿರು ಕಟ್ಟುವ ತನಕ ಕಾಯಬಾರದು, ಕಲಿಸೋಕೆ ತ್ರಾಣ ಇರುವಾಗಲೇ ಕೇಳಬೇಕು. ಖಾಲಿ ಹುದ್ದೆಯಂತೂ ಇನ್ನೂ ಖಾಲಿಯೇ ಇದೆ. ಪ್ರತಿ ತಿಂಗಳು ಅದೇ ಹಾಳೆಯನ್ನು ಹೊಸ ಅಂಕಿಗಳೊಂದಿಗೆ ಕಳಿಸುತ್ತಿದ್ದೇನೆ.

ಇದು ಬರೀ ಸುಸ್ತಿನ ಪ್ರಶ್ನೆಯಾಗಿದ್ದರೆ ಇಷ್ಟು ಉದ್ದಕ್ಕೆ ಬರೆಯುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಿಗೆ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ 35 ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17 ಹೆಚ್ಚು. ಅದಕ್ಕೂ ಮೊದಲು, 2019ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಬರ್ನೌಟ್ ಬಗ್ಗೆ ವಿವರಣೆ ಕೊಟ್ಟಿತು. ಅದನ್ನು ಕಾಯಿಲೆ ಅನ್ನಲಿಲ್ಲ, ಕೆಲಸದ ಜಾಗಕ್ಕೆ ಸಂಬಂಧಿಸಿದ ಸ್ಥಿತಿ ಅಂದಿತು. ಬಹಳ ದಿನ ಉಳಿದುಕೊಂಡ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವುದು ಅಂದಿತು. ಮೈಮನಸ್ಸಿನ ಬಳಲಿಕೆ, ಕೆಲಸದ ಮೇಲೆ ಜಿಗುಪ್ಸೆ, ಏನು ಮಾಡಿದರೂ ಆಗುತ್ತಿಲ್ಲ ಅನ್ನುವ ಭಾವನೆ, ಇವು ಅದರ ಮೂರು ಗುರುತು. ಹಾಗಿದ್ದ ಮೇಲೆ ಮದ್ದನ್ನು ನೌಕರರ ಮೂಗಿನ ಹೊಳ್ಳೆಯಲ್ಲಿ ಮಾತ್ರ ಹುಡುಕಿದರೆ ಹೇಗೆ?

ಕೇಳಿದರೆ ಇರುವ ಕೆಲಸವೂ ಹೋಗುತ್ತದೆ ಅನ್ನುವ ಭಯ ಬಹಳ ಜನಕ್ಕಿದೆ. ಗುತ್ತಿಗೆ ಮೇಲೆ ಇರುವವರಿಗೆ ಅದು ಸುಳ್ಳು ಭಯವಲ್ಲ. ಅಂಥವರಿಗೆ "ಧೈರ್ಯವಾಗಿ ಮಾತಾಡಿ" ಅಂತ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ, ನನ್ನದು ಕಾಯಂ ನೌಕರಿ. ಒಂದೇ ಕಷ್ಟ ಇರುವ ಇಬ್ಬರು ಮೂವರು ಒಟ್ಟಿಗೆ ಹೋದರೆ ಮಾತಿಗೆ ತೂಕ ಬರುತ್ತದೆ, ಅಷ್ಟು ಹೇಳಬಲ್ಲೆ. ಮಾತು ಮುಗಿದ ಮೇಲೆ "ಇವತ್ತು ಹೀಗೆ ಮಾತಾಡಿದೆವು, ಇದನ್ನು ಮೊದಲು ಮಾಡಲು ಹೇಳಿದಿರಿ" ಅಂತ ಎರಡು ಸಾಲಿನ ಮೇಲ್ ಹಾಕಿಡಿ. ನಾಳೆ ಯಾರಾದರೂ "ಇದೇಕೆ ಬಾಕಿ?" ಅಂದರೆ ತೋರಿಸಲು ಇರುತ್ತದೆ. ನಿದ್ದೆ ಕೆಟ್ಟಿದ್ದರೆ, ಎದೆ ಹಿಡಿದಂತಾಗುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ, ಮ್ಯಾನೇಜರ್ ಆಮೇಲೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಈ ವಿಷಯ ಬರೆಸುವಾಗ ಮನಶ್ಶಾಸ್ತ್ರಜ್ಞರ ಜೊತೆಗೆ ನಾಲ್ಕಾರು ಮ್ಯಾನೇಜರ್‌ಗಳನ್ನೂ ಮಾತಾಡಿಸಿ. ನಿಮ್ಮ ವಿಭಾಗದಲ್ಲಿ ಒಬ್ಬರು ಕೆಲಸ ಬಿಟ್ಟು ಹೋದಾಗ, ಉಳಿದವರ ಮೇಜಿನಿಂದ ನೀವು ಯಾವ ಕೆಲಸ ತೆಗೆದಿರಿ ಅಂತ ಕೇಳಿ. ಅವರು ಕೊಟ್ಟ ಉತ್ತರವನ್ನು ಹಾಗೇ ಅಚ್ಚು ಹಾಕಿ.

ಇಂತಿ,
ನಿಮ್ಮ ಓದುಗ, ಅಕೌಂಟ್ಸ್ ವಿಭಾಗದ ಒಬ್ಬ ನೌಕರ
(ದಯವಿಟ್ಟು ಹೆಸರು ಪ್ರಕಟಿಸಬೇಡಿ)