ಆ ರಾತ್ರಿ ಜೊತೆಗಿದ್ದ ಅಕ್ಕನಿಗೆ

ಸೋಮವಾರ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ, ಅಂದರೆ ಜಿಕೆವಿಕೆಯಲ್ಲಿ, ಕೆಲಸಕ್ಕೆ ಸೇರಿದೆ. ರಾಗಿಯ ಬೆಂಕಿ ರೋಗದ ಪ್ರಾಜೆಕ್ಟಿನಲ್ಲಿ ರಿಸರ್ಚ್ ಅಸಿಸ್ಟೆಂಟ್. ಅದಕ್ಕೂ ಮುಂಚಿನ ಎರಡು ತಿಂಗಳು, ಅಪ್ಪ ಆಸ್ಪತ್ರೆ ಸೇರಿದ್ದಾಗ, ಹೇಗೆ ಕಳೆದವು ಅಂತ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ.

ಶಿಫಾರಸು ಪತ್ರ ಕೊಟ್ಟ ಇಬ್ಬರು ಮೇಷ್ಟ್ರು, ರಕ್ತ ಕೊಟ್ಟ ಕ್ಲಾಸಿನ ಹುಡುಗರು, ಮಾರ್ಕ್ಸ್ ಕಾರ್ಡ್ ಹುಡುಕಿ ಸ್ಕ್ಯಾನ್ ಮಾಡಿ ಕಳಿಸಿದ ತಮ್ಮ, ಹಸು ನೋಡಿಕೊಂಡ ಚಿಕ್ಕಮ್ಮ, ಎಲ್ಲರಿಗೂ ಮನಸಾರೆ ವಂದನೆ.

ಹಾಸ್ಟೆಲಿನ ಪಕ್ಕದ ರೂಮಿನ ಅಕ್ಕನ ವಿಷಯ ಮಾತ್ರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ಈ ಕೆಲಸದ ಅರ್ಜಿಗೆ ಅವತ್ತೇ ಕೊನೆ ದಿನ. ನಾನು ಐಸಿಯು ಹೊರಗೆ ಕೂತಿದ್ದೆ. ರಾತ್ರಿ ಒಂಬತ್ತಕ್ಕೆ ಅಕ್ಕ ಲ್ಯಾಪ್‌ಟಾಪು, ಒಂದು ಡಬ್ಬಿ ಮೊಸರನ್ನ ಹಿಡಿದು ಬಂದರು. ನಾನು ಬರೆದಿಟ್ಟಿದ್ದ ಪತ್ರ ಓದಿದರು. ಪ್ರೊಫೆಸರನ್ನು ಹೊಗಳಿದ್ದು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. "ಇದನ್ನ ಯಾರು ಬೇಕಾದ್ರೂ ಬರೀಬಹುದು. ನೀನು ಕಣ್ಣಾರೆ ಕಂಡಿದ್ದು ಹೇಳು" ಅಂದರು.

"ನಂಗೆ ಕೆಲಸಾನೇ ಬೇಡ ಅಕ್ಕ, ಅಪ್ಪ ಎದ್ದು ಬಂದ್ರೆ ಸಾಕು" ಅಂತ ಅತ್ತುಬಿಟ್ಟೆ. ಅಳಬೇಡ ಅಂತ ಅವರು ಹೇಳಲಿಲ್ಲ. ಬೆನ್ನ ಮೇಲೆ ಕೈಯಿಟ್ಟು ಸುಮ್ನೆ ಕೂತರು. ಎಷ್ಟೋ ಹೊತ್ತಿನ ಮೇಲೆ, "ಅಪ್ಪ ಯಾವ ರಾಗಿ ಹಾಕ್ತಿದ್ರು?" ಅಂತ ಕೇಳಿದರು.

ಮೊದಲು ಇಂಡಾಫ್ ಅಂದೆ. ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಮಾಡಿದ ತಳಿ ಅಂತ ನನಗೆ ಹೇಳಿಕೊಟ್ಟಿದ್ದೇ ಅಪ್ಪ. ಒಂದು ವರ್ಷ ತೆನೆಯ ಕುತ್ತಿಗೆ ಕಪ್ಪಾಯಿತು. ಅಪ್ಪ ಒಂದು ತೆನೆ ಮುರಿದು ಅಂಗೈಯಲ್ಲಿ ಉಜ್ಜಿ ಊದಿದರು. ಹೊಟ್ಟೆಲ್ಲ ಹಾರಿತು, ಕೈಯಲ್ಲಿ ನಾಲ್ಕು ಕಾಳೂ ಉಳಿಯಲಿಲ್ಲ. ಆಮೇಲೆ ಬೆಂಕಿ ರೋಗ ತಡೆಯುವ ಜಿಪಿಯು-28 ತಳಿ ಹಾಕಿದರು. ನಾನು ಹೇಳುತ್ತಾ ಹೋದೆ, ಅಕ್ಕ ಟೈಪ್ ಮಾಡುತ್ತಾ ಹೋದರು. 11.40ಕ್ಕೆ ಮೇಲ್ ಹೋಯಿತು. ಅಕ್ಕ ಹೋಗಲಿಲ್ಲ. ಮೂರು ಗಂಟೆಗೆ ಡಾಕ್ಟರು ಕರೆದಾಗ ನನಗೆ ಕಾಲೇ ಬರಲಿಲ್ಲ. ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದವರು ಅವರೇ.

ಇಂಟರ್‌ವ್ಯೂನಲ್ಲಿ ಪ್ರೊಫೆಸರ್ ಜಾಸ್ತಿ ಕೇಳಿದ್ದು ಆ ತೆನೆಯ ಬಗ್ಗೆ.

ಅಕ್ಕಾ, ಅಪ್ಪ ಈಗ ಹೊಲದ ಬದುವಿನ ತನಕ ನಡೆಯುತ್ತಾರೆ. ನಿಮಗೆ ಅಂತ ಐದು ಸೇರು ರಾಗಿ ಕಟ್ಟಿಟ್ಟಿದ್ದಾರೆ. ಮೊಸರನ್ನದ ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ, ಅಲ್ವಾ? ಭಾನುವಾರ ಎರಡನ್ನೂ ತರುತ್ತೇನೆ.