ಕೊನೆಯ ಕಂತು ಕಟ್ಟಿದ ಮೇಲೆ ಹೇಳಬೇಕಾದ ಮಾತು

ಹೋದ ವಾರ ನಮ್ಮ ಮೂರನೇ ಕ್ರೆಡಿಟ್ ಕಾರ್ಡಿನ ಬಾಕಿ ಸೊನ್ನೆ ಆಯಿತು. ಒಟ್ಟು 29 ತಿಂಗಳು ಹಿಡಿಯಿತು. ಇದನ್ನು ಹೇಳಿಕೊಳ್ಳಬೇಕಾ ಬೇಡವಾ ಅಂತ ನಾನೂ ಇವರೂ ಮೂರು ದಿನ ಯೋಚನೆ ಮಾಡಿದೆವು, ಯಾಕೆಂದರೆ ಸಾಲ ಇದ್ದ ವಿಷಯವೇ ಹತ್ತಿರದವರಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಆದರೆ ಥ್ಯಾಂಕ್ಸ್ ಹೇಳದೆ ಸುಮ್ನೆ ಇದ್ದುಬಿಟ್ಟರೆ ನನಗೆ ನಿದ್ದೆ ಬರಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಾಲ ಹೇಗಾಯಿತು ಅಂತ ಕೇಳಿದರೆ ಹೇಳಿಕೊಳ್ಳುವಂಥ ಕಥೆಯೇನೂ ಇಲ್ಲ. ದೊಡ್ಡ ಕಾಯಿಲೆಯಿಲ್ಲ, ಬಿಸಿನೆಸ್ ಮುಳುಗಿದ್ದಲ್ಲ. ತಿಂಗಳ ಕೊನೆಗೆ ಸ್ವಲ್ಪ ಕಮ್ಮಿ ಬೀಳುತ್ತಿತ್ತು, ಕಾರ್ಡ್ ಉಜ್ಜಿದೆವು. ಮುಂದಿನ ತಿಂಗಳು ಆ ಬಾಕಿ ತೀರಿಸಲು ಹೋಗಿ ಇನ್ನೂ ಸ್ವಲ್ಪ ಕಮ್ಮಿ ಬಿತ್ತು, ಮತ್ತೆ ಉಜ್ಜಿದೆವು. ಲಿಮಿಟ್ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಕಾರ್ಡ್ ಕೊಡುತ್ತೇವೆ ಅಂತ ಫೋನ್ ಬಂತು, ತಗೊಂಡೆವು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ನಮ್ಮ ಹಾಸಿಗೆ ಮೊದಲೇ ಗಿಡ್ಡ, ಮುದುರಿಕೊಂಡು ಮಲಗಿದರೂ ಕಾಲು ಹೊರಗೇ. ಲೆಕ್ಕ ಹಾಕುವ ಹೊತ್ತಿಗೆ ಮೂರು ಕಾರ್ಡಿನ ಬಾಕಿ ನಮ್ಮಿಬ್ಬರ ನಾಲ್ಕು ತಿಂಗಳ ಸಂಬಳದಷ್ಟಾಗಿತ್ತು. ಅಂದರೆ ಒಂದು ಬಿಡಿಗಾಸೂ ಮುಟ್ಟದೆ ನಾಲ್ಕು ತಿಂಗಳು ಬದುಕಿದರೆ ತೀರುವಷ್ಟು.

ಮೊದಲು ಅಕ್ಕನಿಗೆ.

ಅಕ್ಕಾ, ನಿನ್ನ ಹತ್ತಿರ ದುಡ್ಡು ಕೇಳೋಕೆ ಬಂದಿದ್ದೆ ನಾನು. ನೀನು ಕೊಡಲಿಲ್ಲ. ಆ ದಿನ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತು ಅಂದರೆ, ಬಸ್ಸಲ್ಲಿ ಮನೆಗೆ ಬರುವಷ್ಟು ಹೊತ್ತೂ ಮನಸ್ಸಿನಲ್ಲೇ ನಿನ್ನ ಜೊತೆ ಜಗಳ ಆಡಿದ್ದೆ. ನೀನು ಕೇಳಿದ್ದು ಒಂದೇ ಮಾತು, "ಸ್ಟೇಟ್‌ಮೆಂಟ್ ತಂದಿದ್ದೀಯಾ?" ನಾನು ತಂದಿರಲಿಲ್ಲ. ನಿಜ ಹೇಳಬೇಕೆಂದರೆ ಆರೇಳು ತಿಂಗಳಿಂದ ಒಂದು ಸ್ಟೇಟ್‌ಮೆಂಟನ್ನೂ ಪೂರ್ತಿ ತೆರೆದು ನೋಡಿರಲಿಲ್ಲ. ಎಷ್ಟು ಕಟ್ಟಬೇಕು ಅಂತ ಒಂದು ಮೆಸೇಜ್ ಬರುತ್ತಿತ್ತು, ಅದರಲ್ಲಿ ಎರಡು ಅಂಕಿ. ಒಂದು ಒಟ್ಟು ಬಾಕಿ, ಇನ್ನೊಂದು ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕನಿಷ್ಠ ಇಷ್ಟಾದರೂ ಕಟ್ಟಲೇಬೇಕು ಅನ್ನುವ ಮೊತ್ತ. ನನ್ನ ಕಣ್ಣು ಸೀದಾ ಚಿಕ್ಕ ಅಂಕಿಗೆ ಹೋಗುತ್ತಿತ್ತು. ಅದನ್ನು ಕಟ್ಟಿ, ಈ ತಿಂಗಳು ಬಚಾವ್ ಅಂತ ಫೋನ್ ಮಗುಚಿ ಇಡುತ್ತಿದ್ದೆ.

ಮುಂದಿನ ಭಾನುವಾರ ನೀನೇ ಬಂದೆ. ಒಂದು ಹಳೇ ನೋಟ್‌ಬುಕ್, ಪೆನ್ಸಿಲ್. ಮೂರೂ ಸ್ಟೇಟ್‌ಮೆಂಟ್ ಫೋನಿನಲ್ಲಿ ತೆರೆಸಿ ಬಡ್ಡಿ ಎಷ್ಟು ಅಂತ ಹುಡುಕಿಸಿದೆ. ಅದು ಕೊನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿತ್ತು. ಹೆಚ್ಚುಕಮ್ಮಿ ತಿಂಗಳಿಗೆ 3%. ಅಷ್ಟೇನಾ ಅಂದೆ ನಾನು. ನೀನು ನಗಲಿಲ್ಲ, ಬೈಯಲೂ ಇಲ್ಲ. "ವರ್ಷಕ್ಕೆ 36 ಅಲ್ಲ, ಬಡ್ಡಿ ಮೇಲೆ ಬಡ್ಡಿ ಸೇರಿದರೆ 42 ದಾಟುತ್ತೆ" ಅಂದು ಪುಟದ ಮೇಲೆ 100 ಅಂತ ಬರೆದೆ. ನೂರು ಸಾಲ ಇದೆ ಅಂದುಕೋ, ಬಡ್ಡಿ ಸೇರಿ 103, ಅದರಲ್ಲಿ 5% ಮಿನಿಮಮ್ ಕಟ್ಟಿದೆ, ಉಳಿದದ್ದು 97.85. ಮತ್ತೆ ಅದರ ಮೇಲೆ ಬಡ್ಡಿ, ಮತ್ತೆ ಮಿನಿಮಮ್. ಹೀಗೆ ಹನ್ನೆರಡು ಸಾಲು ಬರೆಸಿದೆ, ನನ್ನ ಕೈಯಲ್ಲೇ, ಫೋನಿನ ಕ್ಯಾಲ್ಕುಲೇಟರ್ ಒತ್ತಿಸಿ ಒತ್ತಿಸಿ. ಹನ್ನೆರಡನೇ ಸಾಲಿಗೆ ಬಂದಾಗ ಸಾಲ 77 ಇತ್ತು. ಕಟ್ಟಿದ್ದನ್ನು ಕೂಡಿಸು ಅಂದೆ. ಕೂಡಿಸಿದರೆ 55! ವರ್ಷವಿಡೀ 55 ಕಟ್ಟಿ 23 ಇಳಿಸಿದ್ದು. ಉಳಿದದ್ದೆಲ್ಲ ಬಡ್ಡಿಗೇ ಹೋಯಿತು. ಅದೂ ಹೊಸದಾಗಿ ಒಂದು ಸಲವೂ ಕಾರ್ಡ್ ಮುಟ್ಟದಿದ್ದರೆ. ಹೀಗೇ ಹೋದರೆ ಸಾಲ ಅರ್ಧಕ್ಕೆ ಇಳಿಯೋಕೇ 32 ತಿಂಗಳು ಬೇಕು ಅಂತ ನೀನು ಹೇಳಿದಾಗ ಇವರು ಎದ್ದು ಹೋಗಿ ಕಿಟಕಿ ಹತ್ತಿರ ನಿಂತುಬಿಟ್ಟರು.

ನೀನು ದುಡ್ಡು ಕೊಟ್ಟಿದ್ದರೆ ಆ ಪುಟ ನಾನು ಬರೆಯುತ್ತಿರಲಿಲ್ಲ, ಇನ್ನೊಂದು ವರ್ಷಕ್ಕೆ ಮತ್ತೆ ನಿನ್ನ ಬಾಗಿಲಿಗೇ ಬಂದಿರುತ್ತಿದ್ದೆ. ಇದನ್ನು ಒಪ್ಪಿಕೊಳ್ಳೋಕೆ ನನಗೆ ಒಂದೂವರೆ ವರ್ಷ ಬೇಕಾಯಿತು, ಅದಕ್ಕೂ ಸಾರಿ. ಒಂದು ವಿಷಯದಲ್ಲಿ ಮಾತ್ರ ನಾನು ನಿನ್ನ ಮಾತು ಕೇಳಲಿಲ್ಲ. ಬಡ್ಡಿ ಜಾಸ್ತಿ ಇರುವ ಕಾರ್ಡನ್ನು ಮೊದಲು ತೀರಿಸು ಅಂದೆ ನೀನು, ನಾನು ಚಿಕ್ಕ ಬಾಕಿಯ ಕಾರ್ಡನ್ನು ಮೊದಲು ಹಿಡಿದೆ. ಲೆಕ್ಕದಲ್ಲಿ ನೀನೇ ಸರಿ. ಆದರೆ ನಾಲ್ಕನೇ ತಿಂಗಳಿಗೇ ಒಂದು ಕಾರ್ಡ್ ಮುಗಿಯಿತಲ್ಲ, ಆ ದಿನ ಸಿಕ್ಕ ಧೈರ್ಯಕ್ಕೆ ಸ್ವಲ್ಪ ಬಡ್ಡಿ ಹೆಚ್ಚು ಹೋಗಿದ್ದರೂ ನನಗೆ ಬೇಜಾರಿಲ್ಲ. ಆಮೇಲೆ ನಿನ್ನ ದಾರಿಗೇ ಬಂದೆನಲ್ಲ.

ಇನ್ನು ಫೋನಿನಲ್ಲಿ ಮಾತಾಡಿದ ಆ ಹುಡುಗಿಗೆ. ಅವಳು ಇದನ್ನು ಓದುವುದಿಲ್ಲ ಅಂತ ಗೊತ್ತು. ನಾನು ಎರಡನೇ ಕಾರ್ಡಿನ ಕಸ್ಟಮರ್ ಕೇರಿಗೆ ಹೆದರಿ ಹೆದರಿ ಫೋನ್ ಮಾಡಿದ್ದೆ, ಬೈಸಿಕೊಳ್ಳೋಕೆ ಸಿದ್ಧವಾಗಿಯೇ. ಅವಳು ಸಮಾಧಾನವಾಗಿ ಒಂದು ಮಾತು ಹೇಳಿದಳು. "ಮೇಡಂ, ಹಳೇ ಬಾಕಿ ಉಳಿಸಿಕೊಂಡು ಹೊಸದಾಗಿ ಏನಾದರೂ ತಗೊಂಡರೆ ಅದಕ್ಕೆ ಬಡ್ಡಿ ಇಲ್ಲದ ದಿನಗಳು ಸಿಗಲ್ಲ, ತಗೊಂಡ ದಿನದಿಂದಲೇ ಬಡ್ಡಿ ಶುರು." ಇಷ್ಟು ವರ್ಷ ಕಾರ್ಡ್ ಇಟ್ಟುಕೊಂಡು ನನಗೆ ಇದು ಗೊತ್ತಿರಲಿಲ್ಲ ರೀ! ಡ್ಯೂ ಡೇಟ್ ತನಕ ಎಲ್ಲವೂ ಪುಕ್ಕಟೆ ಅಂದುಕೊಂಡಿದ್ದೆ. ಆ ಪುಕ್ಕಟೆ ದಿನಗಳು ಪೂರ್ತಿ ಬಾಕಿ ಕಟ್ಟುವವರಿಗೆ ಮಾತ್ರ. ಎಟಿಎಂನಲ್ಲಿ ಕಾರ್ಡ್ ಹಾಕಿ ದುಡ್ಡು ತೆಗೆದರಂತೂ ಸಾಮಾನ್ಯವಾಗಿ ಯಾರಿಗೂ ಇಲ್ಲ, ಅವತ್ತಿಂದಲೇ ಬಡ್ಡಿ, ಮೇಲೆ ಒಂದು ಚಾರ್ಜ್ ಬೇರೆ. ಆಮೇಲೆ ಆ ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಿಗೆ ಬದಲಾಯಿಸಿಕೊಟ್ಟಳು, ಅದಕ್ಕೆ ಫೀಸ್ ಎಷ್ಟು, ತೆರಿಗೆ ಸೇರಿ ಎಷ್ಟಾಗುತ್ತೆ ಅಂತ ನಾನು ಕೇಳುವ ಮೊದಲೇ ಹೇಳಿದಳು. ಹಾಗೆ ಕೇಳದೆಯೇ ಹೇಳುವವರು ಕಮ್ಮಿ ಅಲ್ವಾ.

ನನ್ನ ಆಫೀಸಿನಲ್ಲಿ ಅಕೌಂಟ್ಸ್ ನೋಡುವ ಸರ್ ಒಬ್ಬರಿದ್ದಾರೆ, ಅವರಿಗೂ. ಅರ್ಧ ಕಟ್ಟಿ, ಉಳಿದದ್ದು ಮನ್ನಾ, ಇವತ್ತೇ ಸೆಟಲ್ ಮಾಡಿ ಅಂತ ಒಬ್ಬ ಫೋನ್ ಮಾಡುತ್ತಿದ್ದ. ನನಗೆ ಸ್ವರ್ಗವೇ ಸಿಕ್ಕ ಹಾಗಾಗಿತ್ತು. ಸರ್ ಹೇಳಿದ್ದು, "ಅಮ್ಮಾ, ಸಾಲ ಮುಗಿಯೋದು ಬೇರೆ, ಸೆಟಲ್ ಆಗೋದು ಬೇರೆ. ನಿನ್ನ ಸಾಲದ ಚರಿತ್ರೆ ಇರುವ ಕ್ರೆಡಿಟ್ ರಿಪೋರ್ಟ್‌ನಲ್ಲಿ ಸೆಟಲ್ಡ್ ಅಂತ ಬಂದರೆ, ಇವರು ಪೂರ್ತಿ ಕಟ್ಟಿಲ್ಲ ಅಂತ ಮುಂದೆ ಸಾಲ ಕೊಡುವವರು ಓದುತ್ತಾರೆ. ಕಟ್ಟೋಕೆ ಆಗೋದೇ ಇಲ್ಲ ಅಂದಾಗ ಮಾತ್ರ ಅತ್ತ ನೋಡು, ಅದೂ ಬರಹದಲ್ಲಿ ಕೊಟ್ಟರೆ." ನಮಗೆ ಕಷ್ಟ ಇತ್ತು, ಆದರೆ ಕಟ್ಟೋಕೆ ಆಗದಷ್ಟಲ್ಲ. ಆ ವ್ಯತ್ಯಾಸ ಹೇಳಿಕೊಟ್ಟಿದ್ದಕ್ಕೆ ಋಣಿ ಸರ್. ಬೇರೆ ದಾರಿಯೇ ಇಲ್ಲದೆ ಸೆಟಲ್ ಮಾಡಿಕೊಂಡವರ ಬಗ್ಗೆ ನನ್ನದೊಂದು ಮಾತೂ ಇಲ್ಲ, ಅವರವರ ಕಷ್ಟ ಅವರವರಿಗೆ.

ಅತ್ತೆಯ ವಿಷಯ ಬರೆಯುವಾಗ ಈಗಲೂ ಕಣ್ಣು ತುಂಬುತ್ತೆ. ಅವರಿಗೆ ಗೊತ್ತಾಗಬಾರದು ಅಂತ ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಾಕಿ ವಸೂಲಿಯವರ ಫೋನ್ ಬಂದರೆ ನಾನು ಬಚ್ಚಲುಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ನೀರಿನ ಸದ್ದಿನಲ್ಲಿ ಪಿಸುಪಿಸು ಮಾತಾಡುತ್ತಿದ್ದೆ. ಒಂದು ದಿನ ಹೊರಗೆ ಬಂದರೆ ಅತ್ತೆ ಬಾಗಿಲ ಎದುರೇ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. "ನೀರು ಸುಮ್ನೆ ದಂಡ ಕಣಮ್ಮಾ. ಇನ್ಮೇಲೆ ಹಾಲ್‌ನಲ್ಲೇ ಕೂತು ಮಾತಾಡು. ನಿನ್ನ ಮಾವನವರಿಗೆ ಬಡ್ಡಿ ಸಾಲ ಕೊಟ್ಟವರು ಮನೆ ಮುಂದೆ ಬಂದು ಕೂರ್ತಿದ್ರು, ನಾನು ಅದನ್ನೂ ನೋಡಿದೀನಿ" ಅಂದರು. ಅಷ್ಟೇ. ಎಷ್ಟು ಸಾಲ, ಯಾಕೆ ಮಾಡಿದಿರಿ, ಒಂದೂ ಕೇಳಲಿಲ್ಲ. ಆವತ್ತಿಂದ ನಲ್ಲಿ ಬಿಡಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆವತ್ತಿಂದ ಸಂಬಳದ ಐದರಲ್ಲಿ ಒಂದು ಪಾಲನ್ನು ಸಂಬಳ ಬಂದ ದಿನವೇ ಕಾರ್ಡಿಗೆ ಕಟ್ಟುವುದು ಮನೆಯವರೆಲ್ಲರ ಕೆಲಸ ಆಯಿತು. ಮೊದಲು ಖರ್ಚೆಲ್ಲ ಕಳೆದು ಉಳಿದದ್ದು ಕಟ್ಟೋಣ ಅಂತಿದ್ದೆವು. ಏನೂ ಉಳಿಯುತ್ತಿರಲಿಲ್ಲ, ಅದು ಬೇರೆ ಮಾತು.

ಎಲ್ಲ ಸಲೀಸಾಗಿ ಹೋಯಿತು ಅಂತ ಅಂದುಕೊಳ್ಳಬೇಡಿ. ಹದಿನಾಲ್ಕನೇ ತಿಂಗಳಲ್ಲಿ ಇವರ ಓವರ್‌ಟೈಮ್ ನಿಂತುಹೋಯಿತು, ಅದೇ ವಾರ ವಾಷಿಂಗ್ ಮೆಷಿನ್ ಕೆಟ್ಟಿತು. ಡ್ರಾಯರಿನಲ್ಲಿಟ್ಟಿದ್ದ ಕಾರ್ಡ್ ಕೈಗೆ ಬಂತು. ಹೊಸ ಮೆಷಿನ್ ನೋಡಿ, ಬುಕ್ ಮಾಡಿ, ಇವರು ರಾತ್ರಿ ಹನ್ನೊಂದಕ್ಕೆ ಅದನ್ನು ಕ್ಯಾನ್ಸಲ್ ಮಾಡಿದರು. ಐದು ತಿಂಗಳು ಕೈಯಲ್ಲೇ ಬಟ್ಟೆ ಒಗೆದೆವು. ನಾವು ಅಂದರೆ ಇವರೂ ಸೇರಿ, ದಪ್ಪ ಬೆಡ್‌ಶೀಟು ಹಿಂಡುವುದು ಪೂರ್ತಿ ಇವರದೇ ಕೆಲಸ. ರೀ, ನಿಮಗೆ ಏನಂತ ಥ್ಯಾಂಕ್ಸ್ ಹೇಳಲಿ? ಸಾಲದಲ್ಲಿ ಇಬ್ಬರದೂ ಪಾಲಿತ್ತು. ನಿನ್ನಿಂದ ಆಯ್ತು ಅನ್ನುವ ಮಾತು ಮಾತ್ರ 29 ತಿಂಗಳಲ್ಲಿ ಒಂದು ಸಲವೂ ನಿಮ್ಮ ಬಾಯಲ್ಲಿ ಬರಲಿಲ್ಲ. ನನ್ನ ಬಾಯಲ್ಲಿ ಬಂದಿತ್ತು. ಎರಡು ಸಲ. ನಿಮಗೆ ನೆನಪಿದೆ ಅಂತ ನನಗೂ ಗೊತ್ತು.

ಕೊನೆಯಲ್ಲಿ ಒಂದು ತಮಾಷೆ ನಡೆಯಿತು. ಎರಡು ತಿಂಗಳ ಹಿಂದೆ ಕೊನೆಯ ಸ್ಟೇಟ್‌ಮೆಂಟಿನ ಬಾಕಿ ಪೂರ್ತಿ ಕಟ್ಟಿ, ಮುಗೀತು ಅಂತ ಕುಣಿದಾಡಿದ್ದೆವು. ಹೋದ ತಿಂಗಳು ನೋಡಿದರೆ ಮತ್ತೊಂದು ಪುಟ್ಟ ಬಿಲ್! ಇವರಿಗೆ ರೇಗಿತು, ಮೋಸ ಇದು, ಕಟ್ಟಲ್ಲ ಅಂದರು. ವಿಚಾರಿಸಿದರೆ ಸ್ಟೇಟ್‌ಮೆಂಟ್ ಬಂದ ದಿನದಿಂದ ನಾವು ಕಟ್ಟಿದ ದಿನದವರೆಗಿನ ಬಡ್ಡಿಯಂತೆ ಅದು. ನೀವೂ ತೀರಿಸುವ ಹಂತದಲ್ಲಿದ್ದರೆ ಇದೊಂದು ನೆನಪಿಟ್ಟುಕೊಳ್ಳಿ. ಆ ಚಿಲ್ಲರೆ ಬಾಕಿಯನ್ನು ಕಡೆಗಣಿಸಿದರೆ ಅದರ ಮೇಲೆ ಲೇಟ್ ಫೀಸ್ ಬಂದು ಕೂರುತ್ತೆ, ಹೆಸರೂ ಕೆಡುತ್ತೆ. ಅದನ್ನೂ ಕಟ್ಟಿ, ಬಾಕಿ ಸೊನ್ನೆ ಅಂತ ಕಂಡ ಮೇಲೆ ಏನೂ ಬಾಕಿಯಿಲ್ಲ ಅನ್ನುವ ಪತ್ರ ಕೇಳಿ ತರಿಸಿಕೊಂಡೆವು. ಆ ಪತ್ರ ಈಗ ಅಕ್ಕನ ನೋಟ್‌ಬುಕ್ಕಿನಲ್ಲಿದೆ, ಆ ಹನ್ನೆರಡು ಸಾಲಿನ ಪುಟದ ಪಕ್ಕದಲ್ಲೇ.

ಇನ್ನೊಬ್ಬರು ಉಳಿದರು. ಕಾಲೇಜಿನಿಂದಲೂ ಜೊತೆಗಿರುವ ನನ್ನ ಗೆಳತಿ. ಈ ಎರಡೂವರೆ ವರ್ಷದಲ್ಲಿ ಎಲ್ಲರೂ ಸೇರಿ ಎಲ್ಲಿಗೆ ಹೊರಟರೂ ನಾನು ಏನೋ ಒಂದು ನೆಪ ಹೇಳಿದೆ. ತಲೆನೋವು ಅಂದೆ, ಇವರಿಗೆ ರಜೆ ಇಲ್ಲ ಅಂದೆ, ಒಂದು ಸಲ ಇವರ ಚಿಕ್ಕಮ್ಮ ಬರುತ್ತಿದ್ದಾರೆ ಅಂದೆ. ಇವರಿಗೆ ಚಿಕ್ಕಮ್ಮನೇ ಇಲ್ಲ ಅಂತ ನಿನಗೆ ಗೊತ್ತಿತ್ತು ಕಣೇ. ಆದರೂ ಸರಿ ಅಂತ ಮಾತ್ರ ಅಂದೆ, ಮತ್ತೆ ಮುಂದಿನ ಸಲವೂ ನನ್ನನ್ನು ಬಿಡದೆ ಕರೆದೆ. ನಿಜವಾದ ಕಾರಣ ಇದಾಗಿತ್ತು. ಮುಂದಿನ ತಿಂಗಳು ಎಲ್ಲಿಗೆ ಹೊರಟರೂ ನಾವಿಬ್ಬರೂ ಬರುತ್ತೇವೆ, ನಮ್ಮ ಪಾಲಿನ ಖರ್ಚು ಎಷ್ಟು ಅಂತ ಮೊದಲೇ ಹೇಳಿಬಿಡು.