ಕಲೆ ಅಂತ ಏನೂ ನೋಡಿರಲಿಲ್ಲ ಅಂದೆಯಲ್ಲ, ಮಗಳೇ

ಪ್ರೀತಿಯ ಮಗಳಿಗೆ,

ನೀನು ಕಾಲೇಜಿಗೆ ಬರೆದುಕೊಟ್ಟ ನಾಲ್ಕು ಪುಟ ಬಂತು. ಮೊಬೈಲಿನಲ್ಲಿ ಅಕ್ಷರ ಸಣ್ಣದು. ಅದಕ್ಕೆ ಮಂಡ್ಯಕ್ಕೆ ಹೋದಾಗ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದೆ. ರಾತ್ರಿ ಊಟ ಆದ ಮೇಲೆ ನಿಮ್ಮವ್ವನಿಗೆ ಓದಿ ಹೇಳಿದೆ. ನಿಮ್ಮಜ್ಜಿ ಬಾಗಿಲ ಹತ್ತಿರ ಕೂತು ಕೇಳಿಸಿಕೊಂಡಳು.

ಬೆಂಗಳೂರಿಗೆ ಹೋಗಿ ಒಂದು ವರ್ಷ ಆಗಿದೆ ಅಷ್ಟೇ, ಎಷ್ಟೊಂದು ನೋಡಿದ್ದೀಯ! ರಂಗಶಂಕರದ ಬಗ್ಗೆ ಬರೆದ ಪುಟವನ್ನು ನಾನು ಎರಡು ಸಲ ಓದಿದೆ. ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ ಅನ್ನುವುದು ನನಗೆ ತುಂಬಾ ಹಿಡಿಸಿತು. ಶಂಕರಣ್ಣ, ಅದೇ ನಮ್ಮ ಶಂಕರ್ ನಾಗ್, ಹೋದಾಗ, 1990ರಲ್ಲಿ, ನಮ್ಮೂರಲ್ಲಿ ಅವತ್ತು ಎಷ್ಟೋ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅವರ ಹೆಸರಿನ ರಂಗಮಂದಿರದ ಬಾಗಿಲು ತೆರೆದದ್ದು 2004ರಲ್ಲಿ. ಅಷ್ಟು ವರ್ಷ ಅವರ ಹೆಂಡತಿ ಅರುಂಧತಿ ನಾಗ್ ಆ ಆಸೆಯನ್ನು ಬಿಡದೆ ಹಿಡಿದುಕೊಂಡಿದ್ದರಲ್ಲ. ಮಂಡ್ಯದ ಆಟೋಗಳ ಹಿಂದೆ ಶಂಕರಣ್ಣನ ಚಿತ್ರ ನೋಡುತ್ತಾ ಬೆಳೆದವಳು ನೀನು. ಈಗ ಅವರ ರಂಗದ ಮುಂದೆ ಕೂತು ಬಂದಿದ್ದೀಯ. ನನಗೆ ಎಷ್ಟು ಸಂತೋಷ ಆಯಿತು ಅಂತ ಹೇಳಲಾರೆ.

ಆದರೆ ಮೊದಲ ಪುಟದಲ್ಲಿ ಒಂದು ಸಾಲು ಇದೆ. 'ಇಲ್ಲಿಗೆ ಬರುವ ಮುಂಚೆ ನಾನು ಕಲೆ ಅಂತ ಏನೂ ನೋಡಿರಲಿಲ್ಲ.' ಅದನ್ನು ಓದಿದಾಗ ನಿಮ್ಮಜ್ಜಿ, "ಕಲೆ ಅಂದ್ರೆ ಯಾವ್ದ್ಲಾ?" ಅಂತ ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಬೇಜಾರಿಲ್ಲ ಮಗ. ಆದರೆ ಆ ಸಾಲು ನಿಜವಲ್ಲ. ಅದಕ್ಕೇ ಈ ಕಾಗದ.

ಅದೇ ಅಜ್ಜಿ ಸೋಬಾನೆ ಎತ್ತಿಕೊಟ್ಟರೆ ಚಪ್ಪರದ ಹೆಂಗಸರೆಲ್ಲ ಹಿಂದೆ ಹಾಡುತ್ತಿದ್ದರು. ಮದುಮಗಳ ಕಡೆಯ ಗಂಡಸರು ಮುಖ ತಿರುಗಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನೀನು ಅವಳ ಸೀರೆ ಸೆರಗು ಹಿಡಿದು ಅಲ್ಲೇ ಕೂತಿರುತ್ತಿದ್ದೆ. ಒಂದು ಪದಕ್ಕೂ ಪುಸ್ತಕ ಇರಲಿಲ್ಲ. ಹಬ್ಬದಲ್ಲಿ ಪೂಜೆ ಕುಣಿತದವರು ಬರುತ್ತಿದ್ದರು. ಆಳೆತ್ತರದ ಬಿದಿರಿನ ಪೂಜೆಯನ್ನು ತಲೆ ಮೇಲೆ ಹೊತ್ತು, ಎರಡೂ ಕೈ ಬಿಟ್ಟು, ತಮಟೆ ಏಟಿಗೆ ತಿರುಗುವಾಗ ನೀನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಆಮೇಲೆ ನಮ್ಮ ಕುರುಕ್ಷೇತ್ರ. ನಿನಗೆ ಆಗ ಐದು ವರ್ಷ. ಮೂರು ತಿಂಗಳು ರಾತ್ರಿ ಹೊತ್ತು ಶಾಲೆ ಜಗಲಿಯಲ್ಲಿ ತಾಲೀಮು. ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಒಂದೇ ಕಂದಪದ್ಯವನ್ನು ಹತ್ತು ಸಲ ಹಾಡಿಸುತ್ತಿದ್ದರು. ಹಗಲೆಲ್ಲ ಕಬ್ಬು ಕಡಿದವನು ರಾತ್ರಿ ಭೀಮ. ಹಾಲಿನ ಡೇರಿಯವನು ಕೃಷ್ಣ. ಸೀನರಿಯನ್ನು ಮಂಡ್ಯದಿಂದ ಬಾಡಿಗೆಗೆ ತಂದೆವು. ನಾನು ಕರ್ಣನ ಪಾರ್ಟು ತೆಗೆದುಕೊಂಡಿದ್ದೆ. ನೀನು ಮುಂದಿನ ಸಾಲಲ್ಲಿ ಗೋಣಿಚೀಲದ ಮೇಲೆ ಮಲಗಿ ನಿದ್ದೆ ಹೋಗಿದ್ದೆ. ಬೆಳಗಿನ ಜಾವ ಕುಂತಿ ಬಂದು ಕರ್ಣನನ್ನು 'ಮಗನೇ' ಅಂದಳು, ನಾನು 'ಅಮ್ಮಾ' ಅಂದೆ. ಅಷ್ಟು ಹೊತ್ತಿಗೆ ನೀನು ಎದ್ದು ಕೂತಿದ್ದೆ. ಜೋರಾಗಿ ಅಳು! ನಿಮ್ಮವ್ವ ಎತ್ತಿಕೊಂಡು ಹೋದರೂ ನಿಲ್ಲಿಸಲಿಲ್ಲ. ಬೆಳಿಗ್ಗೆ ನನ್ನ ಮುಖದ ಬಣ್ಣ ಒರೆಸುತ್ತಾ ಕೇಳಿದೆ: "ಅಪ್ಪ, ಆ ಅಮ್ಮ ನಿನ್ನನ್ನ ಯಾಕೆ ನೀರಿಗೆ ಬಿಟ್ಟುಬಿಟ್ಟಳು?"

ನಾಟಕ ನೋಡುವುದು ಅಂದರೆ ಅದೇ ಅಲ್ವಾ? ನೀನು ರಂಗಶಂಕರಕ್ಕೆ ಬರಿಗೈಯಲ್ಲಿ ಹೋಗಿಲ್ಲ.

ನಮ್ಮೂರೇ ದೊಡ್ಡದು, ಬೆಂಗಳೂರು ಏನೂ ಅಲ್ಲ ಅಂತ ಹೇಳುತ್ತಿಲ್ಲ. ಅಲ್ಲಿ ಸಿಗುವುದು ಇಲ್ಲಿ ಸಿಗುವುದಿಲ್ಲ. ಜನವರಿಯ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆ ಉದ್ದಕ್ಕೂ ಚಿತ್ರ ಬರೆದವರೇ ಚಿತ್ರದ ಪಕ್ಕ ಕೂತಿದ್ದರು ಅಂತ ಬರೆದಿದ್ದೀಯ. ಅದನ್ನು ಕೇಳಿ ನಿಮ್ಮವ್ವ ಮುಂದಿನ ವರ್ಷ ತಾನೂ ಬರುತ್ತೇನೆ ಅಂದಿದ್ದಾಳೆ.

ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ಆಧುನಿಕ ಕಲೆಯ ಗ್ಯಾಲರಿಗೆ ಹೋದದ್ದನ್ನು ಬರೆಯುವಾಗ ಮಾತ್ರ ನಿನ್ನ ದನಿ ಸಣ್ಣದಾಗಿದೆ. ಬರೀ ಬಣ್ಣ ಇದ್ದ ಒಂದು ದೊಡ್ಡ ಚಿತ್ರ. ಪಕ್ಕದವರು ಏನೇನೋ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. 'ನನಗೆ ಏನೂ ಅರ್ಥ ಆಗಲಿಲ್ಲ, ನಾಚಿಕೆಯಾಗಿ ಮುಂದೆ ಹೋದೆ' ಅಂತ ಬರೆದಿದ್ದೀಯ. ಆದರೆ ಅದರ ಮೇಲಿನ ಸಾಲಲ್ಲೇ 'ನಾಲೆ ನೀರು ಬಿಟ್ಟ ಸಂಜೆ ಗದ್ದೆ ಹೊಳೆದ ಹಾಗೆ ಇತ್ತು' ಅಂತಲೂ ಇದೆಯಲ್ಲ ಮಗ. ಏನೂ ಅರ್ಥ ಆಗದವರು ಹಾಗೆ ಬರೆಯುತ್ತಾರಾ?

ಈ ನಾಚಿಕೆ ನನಗೆ ಗೊತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮೈಸೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಜಗನ್ಮೋಹನ ಅರಮನೆಯ ಕತ್ತಲೆ ಕೋಣೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಮೇಲೆ, ಮುಖದ ಮೇಲೆ ಬೆಳಕು. ಹಿಂದೆ ಬಲ್ಬು ಇಟ್ಟಿದ್ದಾರೆ ಅಂದುಕೊಂಡೆ. ಪಕ್ಕಕ್ಕೆ ಹೋಗಿ ಬಗ್ಗಿ ನೋಡಿದೆ. ಏನೂ ಇರಲಿಲ್ಲ. ಅಷ್ಟರಲ್ಲಿ ಮೇಷ್ಟ್ರು, "ನಡಿ ನಡಿ, ಜೂ ಬಾಗಿಲು ಹಾಕ್ತಾರೆ" ಅಂತ ಭುಜ ಹಿಡಿದು ತಳ್ಳಿದರು. ಇದೆಲ್ಲ ನಮ್ಮಂಥವರು ನಿಂತು ನೋಡುವುದಲ್ಲ ಅಂತ ಆವತ್ತು ಮನಸ್ಸಿನಲ್ಲಿ ಕೂತುಬಿಟ್ಟಿತು. ಎಷ್ಟೋ ವರ್ಷ ಆದ ಮೇಲೆ ಪೇಪರಿನಲ್ಲಿ ಓದಿದೆ. ಬಹಳ ಜನ ಅದನ್ನು ರವಿವರ್ಮನ ಚಿತ್ರ ಅಂದುಕೊಳ್ಳುತ್ತಾರಂತೆ. ಬರೆದವರು ಎಸ್.ಎಲ್. ಹಲ್ದಂಕರ್. ಅದು ಜಲವರ್ಣ. ದೀಪ ಹಿಡಿದು ನಿಂತದ್ದು ಅವರ ಮಗಳೇ. ಅಪ್ಪ ಬರೆಯುತ್ತಿದ್ದಾನೆ ಅಂತ ಆ ಮಗಳು ಗಂಟೆಗಟ್ಟಲೆ ಕೈ ಅಲುಗಿಸದೆ ನಿಂತಿದ್ದಳಂತೆ. ಅದನ್ನು ಓದಿದ ದಿನ ನೀನು ಪಕ್ಕದಲ್ಲಿ ಕೂತು ಮಗ್ಗಿ ಬರೆಯುತ್ತಿದ್ದೆ. ನಿನ್ನ ಕೈಯನ್ನೇ ನೋಡುತ್ತಾ ಕೂತೆ.

ಬಿ.ವಿ. ಕಾರಂತರು ಕಟ್ಟಿ ಬೆಳೆಸಿದ ರಂಗಾಯಣ 1989ರಿಂದ ಮೈಸೂರಿನಲ್ಲಿದೆ. ನಮಗೆ ಒಂದು ಗಂಟೆ ದಾರಿ. ನಾಟಕದ ಹುಚ್ಚು ಇಷ್ಟಿದ್ದರೂ ನಾನು ಒಂದು ಸಲವೂ ಒಳಗೆ ಹೋಗಲಿಲ್ಲ. ಅದು ಓದಿದವರ ಜಾಗ ಅಂದುಕೊಂಡೆ. ಈಗ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ದಸರಾ ರಜೆಗೆ ಬಾ. ಇಬ್ಬರೂ ಹೋಗೋಣ. ಜಗನ್ಮೋಹನಕ್ಕೂ ಹೋಗೋಣ, ಈ ಸಲ ಯಾರೂ ತಳ್ಳುವುದಿಲ್ಲ. ಅದಕ್ಕೆ ಮುಂಚೆ ನೀನು ಆ ಬಣ್ಣದ ಚಿತ್ರದ ಮುಂದೆ ಇನ್ನೊಂದು ಸಲ ಹೋಗಿ ನಿಲ್ಲು. ಸುಮ್ನೆ ನಿಲ್ಲು.

ಟಿಕೆಟ್ ದುಡ್ಡಿನ ಲೆಕ್ಕ ಕೊನೇ ಪುಟದ ಮೂಲೆಯಲ್ಲಿ ಬರೆದುಕೊಂಡಿದ್ದೀಯ, ಅಳಿಸುವುದು ಮರೆತಿದ್ದೀಯ. ಆ ಲೆಕ್ಕ ಬೇಡ. ಕರ್ಣನ ಪಾರ್ಟಿಗೆ ಅಂತ ನಾನು ಒಂದು ಹಸು ಮಾರಿದವನು. ನಿಮ್ಮವ್ವ ಹದಿನೈದು ದಿನ ಮಾತು ಬಿಟ್ಟಿದ್ದಳು. ನಾಟಕದ ದಿನ ಹಾರ ಹಾಕಿದವಳೂ ಅವಳೇ.

ಈ ಜಾತ್ರೆಗೆ ಮತ್ತೆ ಕುರುಕ್ಷೇತ್ರ. ಮತ್ತೆ ನನಗೇ ಕರ್ಣ. ನೀನು ಬರೆದಿದ್ದೀಯಲ್ಲ, ರಂಗಶಂಕರದಲ್ಲಿ ನಟ ಕೊನೆಯ ಮಾತನ್ನು ಪಿಸುಮಾತಿನಲ್ಲಿ ಹೇಳಿದ, ಕೊನೇ ಸಾಲಿಗೂ ಕೇಳಿಸಿತು ಅಂತ. ಅದು ನನ್ನ ತಲೆಯಲ್ಲೇ ತಿರುಗುತ್ತಿದೆ. ನಾವು ಇಲ್ಲಿ ಮೈಕ್ ಇದ್ದರೂ ಕೂಗಿಯೇ ಹೇಳುತ್ತೇವೆ. ನಿನ್ನೆ ತಾಲೀಮಿನಲ್ಲಿ ಕುಂತಿಯ ಮುಂದೆ 'ಅಮ್ಮಾ' ಅನ್ನುವುದನ್ನು ಮೆಲ್ಲಗೆ ಹೇಳಿ ನೋಡಿದೆ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ, "ಜೋರಾಗಿ ಹೇಳಪ್ಪ, ಕೇಳಬೇಕಲ್ವಾ?" ಅಂದರು. ಆದರೂ ಬಿಡಲು ಮನಸ್ಸಿಲ್ಲ. ಜಾತ್ರೆಗೆ ನೀನು ಬರಲೇಬೇಕು. ಮುಂದಿನ ಸಾಲು ಬೇಡ. ಹಿಂದೆ, ಕಡ್ಲೆಕಾಯಿ ಮಾರುವವರು ಕೂರುತ್ತಾರಲ್ಲ, ಅಲ್ಲಿ ಕೂತುಕೋ. ಕೇಳಿಸಿತಾ ಇಲ್ವಾ ಅಂತ ಬೆಳಿಗ್ಗೆ ನನಗೆ ಹೇಳು.

ಇಂತಿ,
ನಿನ್ನ ಅಪ್ಪ